ಎಂಟು ಸಿಲಿಂಡರಿನ ಆಂಟಿ

ಅವರ ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆಗಳಿದ್ದವು. ಅವುಗಳ ಹಿಂದೆ, ಮೊಣಕೈಯತ್ತ ಸರಿದು, ಒಂದು ನೀಲಿ ಮಾಸ್ಕಿಂಗ್ ಟೇಪಿನ ಸುರುಳಿ. ಅದನ್ನೂ ಬಳೆಯ ಹಾಗೆಯೇ ತೊಟ್ಟಿರುತ್ತಿದ್ದರು. ಮೊದಲ ಸಲ ಅರಿಶಿನ ಕುಂಕುಮಕ್ಕೆ ಕರೆದಾಗ ನಮ್ಮ ಮನೆಗೆ ಹಾಗೆಯೇ ಬಂದರು. ತಾಂಬೂಲಕ್ಕೆ ಕೈ ಚಾಚಿದಾಗ ಟೇಪು ಜಾರಿ ಬಳೆಗಳಿಗೆ ಬಡಿಯಿತು. ಉಗುರಿನ ಸಂದಿಯಲ್ಲಿ ಕಪ್ಪಗೆ ಗ್ರೀಸು. ಬಂದಿದ್ದ ಹೆಂಗಸರ ಕಣ್ಣು ಮಾತ್ರ ಬಳೆಗಳ ಮೇಲಿತ್ತು, ಏಕೆಂದರೆ ಅವರ ಗಂಡ ತೀರಿಕೊಂಡು ಆಗಲೇ ಐದು ವರ್ಷ. ಯಾರೋ ಒಬ್ಬರು ಕೇಳಿಯೂ ಬಿಟ್ಟರು.

"ಬಳಿ ನನ್ನ ಕೈವು," ಎಂದರು ಅವರು, ಕೋಸಂಬರಿ ಬಾಯಿಗೆ ಹಾಕಿಕೊಳ್ಳುತ್ತಾ. "ಅವರು ಹೋಗುಮುಂದ ತಮ್ಮ ಕೈ ತಗೊಂಡು ಹೋಗ್ಯಾರ. ನನ್ನ ಕೈ ಇಲ್ಲೇ ಅವ."

ಎದುರು ಮನೆ ಆಂಟಿ. ನಾನು ಕೊನೆಯವರೆಗೂ ಹಾಗೆಯೇ ಕರೆದೆ. ಧಾರವಾಡದವರು, ಎಪ್ಪತ್ತು ದಾಟಿದವರು, ಆಸ್ಪತ್ರೆಯ ಲ್ಯಾಬೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಮಕ್ಕಳಿಲ್ಲ. ನಾವು ನ್ಯೂಜೆರ್ಸಿಯ ಈ ಬೀದಿಗೆ ಮನೆ ಮಾಡಿ ಬಂದಾಗ ನಮ್ಮ ಮಕ್ಕಳಿಬ್ಬರೂ ಕಾಲೇಜು ಸೇರಿಯಾಗಿತ್ತು. ನಮ್ಮವರು ಬೆಳಿಗ್ಗೆ ಹ್ಯಾರಿಸನ್‌ವರೆಗೆ ಡ್ರೈವ್ ಮಾಡಿ, ಅಲ್ಲಿಂದ ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋಗಿಬಿಟ್ಟರೆ, ಸಂಜೆಯವರೆಗೆ ನನಗೆ ಜೊತೆ ಎಂದರೆ ಸಿಂಕಿನ ಮುಂದಿನ ಕಿಟಕಿ. ಅದು ನೇರವಾಗಿ ಆಂಟಿಯ ಮನೆ ಮುಂದಿನ ಡ್ರೈವ್‌ವೇ ನೋಡುತ್ತಿತ್ತು. ಅಲ್ಲಿ ಅವರ ಗಾಡಿ ನಿಂತಿತ್ತು.

ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್ನು. ಇಂಥದ್ದಕ್ಕೆ ಇಲ್ಲಿಯವರು ಮಸಲ್ ಕಾರ್ ಅನ್ನುತ್ತಾರೆ ಎಂದು ನಮ್ಮವರು ತಿಳಿಸಿದರು. ನನಗೆ ಕಂಡದ್ದು ಮೂಳೆ ಮಾತ್ರ. ಪೆನ್ಸಿಲ್ವೇನಿಯಾದ ಯಾವುದೋ ರೈತನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಇಪ್ಪತ್ತು ವರ್ಷ ಬಿದ್ದಿದ್ದ ಗಾಡಿಯಂತೆ. ಡ್ರೈವರ್ ಕಾಲಿಡುವ ಜಾಗದಲ್ಲಿ ಬಾಣಲೆಯಗಲ ತೂತು. ಒಳಗೆ ಕೂತು ಬಗ್ಗಿದರೆ ಕೆಳಗಿನ ಡಾಂಬರು ಕಾಣುತ್ತಿತ್ತು. ಆ ತೂತು ಮುಚ್ಚುವುದಕ್ಕಾಗಿಯೇ ಆಂಟಿ ಅರವತ್ತೇಳನೆಯ ವಯಸ್ಸಿನಲ್ಲಿ ಕಮ್ಯೂನಿಟಿ ಕಾಲೇಜಿಗೆ ಸೇರಿ ವೆಲ್ಡಿಂಗ್ ಕಲಿತಿದ್ದರು. ಬಿಚ್ಚಿದ ಪ್ರತಿಯೊಂದು ಬೋಲ್ಟೂ ಮೂತ್ರದ ಸ್ಯಾಂಪಲ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿಯೊಳಗೆ. ಮುಚ್ಚಳದ ಮೇಲೆ ನೀಲಿ ಟೇಪು, ಟೇಪಿನ ಮೇಲೆ ಕನ್ನಡದಲ್ಲಿ ಬರಹ: "ಬಲಗಡಿ ಬಾಗಿಲು, ಮ್ಯಾಲಿನ ಕೀಲು." ಗ್ಯಾರೇಜಿನ ಗೋಡೆ ತುಂಬ ಅವೇ. ನಾನು ಮುಖ ಕಿವುಚಿದ್ದನ್ನು ನೋಡಿ "ಹೊಸಾವು ತಂಗಿ, ಯಾರೂ ಮುಟ್ಟಿಲ್ಲ" ಎಂದು ನಕ್ಕರು. ಗಾಡಿಯನ್ನು ಅವರು ಕರೆಯುತ್ತಿದ್ದದ್ದು "ಪೇಷಂಟ್" ಎಂದು.

ಗ್ಯಾರೇಜಿನಲ್ಲೇ ಯಾಕೆ ನಿಲ್ಲಿಸಬಾರದು ಎಂದು ಎಲ್ಲರೂ ಕೇಳುತ್ತಿದ್ದರು. ಗಾಡಿ ಗ್ಯಾರೇಜಿಗಿಂತ ಒಂದೂವರೆ ಮೊಳ ಉದ್ದ. ಒಳಗೆ ನೂಕಿದರೆ ಬಾಗಿಲು ಮುಚ್ಚುತ್ತಿರಲಿಲ್ಲ.

ಈ ಹುಚ್ಚು ಯಾಕೆ ಎಂದು ನಾನೂ ಒಮ್ಮೆ ಕೇಳಿದೆ, ಮೆತ್ತಗಿನ ಮಾತಿನಲ್ಲಿ. ಎಪ್ಪತ್ತರ ದಶಕ, ಮೊದಲ ಚಳಿಗಾಲ, ಸೀರೆಯ ಮೇಲೆ ಗಂಡನ ಕೋಟು ತೊಟ್ಟು ಬಸ್ ಸ್ಟಾಪಿನಲ್ಲಿ ನಿಂತಿದ್ದರಂತೆ. "ಇಂಥಾದ್ದೊಂದು ಕೆಂಪು ಗಾಡಿ ಗುಡುಗು ಗುಡುಗಿಧಂಗ ಬಂತು. ಹೆಣ್ಣಮಗಳೊಬ್ಬಾಕಿ ನಡಸ್ಲಿಕ್ಕತ್ತಿದ್ಲು. ನನ್ನ ಮ್ಯಾಲೆ ಅರ್ಧ ರಸ್ತೆ ಕೆಸರು ಹಾರಿಸಿ, ನಕ್ಕೋತ ಹೋದ್ಲು. ಸಿಟ್ಟು ಬರಬೇಕಾಗಿತ್ತು ನೋಡು. ಬರಲಿಲ್ಲ. ಹೊಟ್ಟಿಕಿಚ್ಚು ಬಂತು." ಸ್ವಲ್ಪ ಹೊತ್ತು ಸ್ಪ್ಯಾನರ್ ತಿರುಗಿಸಿ ಹೇಳಿದರು: "ಆ ಕಿಚ್ಚು ಇನ್ನೂ ಆರಿಲ್ಲ."

ಇನ್ನು ನನ್ನ ತಪ್ಪಿನ ವಿಷಯ. ನಾನು ಓದಿದ್ದು ಮೈಸೂರಿನಲ್ಲಿ, ಕಾನ್ವೆಂಟಿನಲ್ಲಿ. ಸಿಸ್ಟರುಗಳು ಕಲಿಸಿದ ಮೂರು ಮಾತು ಇಂದಿಗೂ ನಾಲಿಗೆಯ ತುದಿಯಲ್ಲಿವೆ: ಪ್ಲೀಸ್, ಸಾರಿ, ಥ್ಯಾಂಕ್ ಯೂ. 'ಇಲ್ಲ' ಎನ್ನುವುದನ್ನು ಯಾರೂ ಕಲಿಸಲಿಲ್ಲ. ಆ ಬೇಸಿಗೆಯಲ್ಲಿ ಮೂಲೆ ಮನೆಯಾಕೆ ಕ್ಲಿಪ್‌ಬೋರ್ಡ್ ಹಿಡಿದು ಬಾಗಿಲಿಗೆ ಬಂದಳು. ಆ ಗಾಡಿಯಿಂದ ನಮ್ಮ ಬೀದಿಯ ಅಂದ ಕೆಡುತ್ತಿದೆ, ಮನೆಗಳ ಬೆಲೆ ಇಳಿಯುತ್ತದೆ, ಊರಿನ ಆಡಳಿತ ನೋಡುವ ಟೌನ್‌ಶಿಪ್ಪಿಗೆ ಒಂದು ಪತ್ರ ಅಷ್ಟೇ, ಎಂದಳು. ಕೈಗೆ ಪೆನ್ನು ಕೊಟ್ಟಳು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ಸಹಿ ಹಾಕಿದೆ. ಥ್ಯಾಂಕ್ ಯೂ ಎಂದೂ ಹೇಳಿದೆ, ಯಾತಕ್ಕೋ.

ಮೂರು ವಾರಕ್ಕೆ ಆಂಟಿಯ ಮನೆಗೆ ನೋಟಿಸು ಬಂತು. ಅಕ್ಟೋಬರ್ ಮುಗಿಯುವುದರೊಳಗೆ ಗಾಡಿಗೆ ನಂಬರ್ ಪ್ಲೇಟ್ ಇರಬೇಕು, ಇನ್‌ಸ್ಪೆಕ್ಟರ್ ಬಂದಾಗ ತನ್ನ ಕಾಲ ಮೇಲೆ ತಾನು ಓಡಿ ತೋರಿಸಬೇಕು. ಇಲ್ಲದಿದ್ದರೆ ಟೋ ಟ್ರಕ್ಕು ಬಂದು ಎಳೆದುಕೊಂಡು ಹೋಗುತ್ತದೆ. ಆಂಟಿ ಆ ಕಾಗದವನ್ನು ಗ್ಯಾರೇಜಿನ ಬಾಗಿಲಿಗೆ, ಬೀದಿಗೆ ಕಾಣುವ ಹಾಗೆ, ನಾಲ್ಕೂ ಮೂಲೆಗೆ ಟೇಪು ಹಾಕಿ ಅಂಟಿಸಿದರು.

"ಹಿಸ್ಟಾರಿಕ್ ಪ್ಲೇಟ್ ತಗೊಳ್ಳಿ ಆಂಟಿ, ಹಳೇ ಗಾಡಿಗೆ ಅದು ಸುಲಭವಂತೆ," ಎಂದರು ನಮ್ಮವರು.

"ಅದನ್ನ ತಗೊಂಡ್ರ ಪರೇಡಿಗೆ, ಪ್ರದರ್ಶನಕ್ಕ ಅಷ್ಟ ಓಡಸಬೇಕಂತ. ನಾ ಏನು ಮ್ಯೂಸಿಯಮ್ಮಿನಾಕಿ ಏನ್ರೀ? ನಂಗ ಹಾಲು ತರ್ಲಿಕ್ಕೆ ಹೋಗಬೇಕು." ಎಲ್ಲ ಗಾಡಿಗಳಿಗೂ ಇರುವಂಥ ಸಾದಾ ಪ್ಲೇಟನ್ನೇ ತಂದರು.

ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬರು ತಮಾಷೆ ಮಾಡಿದರು: "ಏನ್ರೀ ಇದು, ಈ ವಯಸ್ಸಲ್ಲಿ ಭಜನೆ ಗಿಜನೆ ಮಾಡ್ಕೊಂಡು ಇರೋದು ಬಿಟ್ಟು!"

"ಭಜನಿಗೆ ನಿಮ್ಮ ದನಿ ಸಾಕಲ್ರೀ," ಎಂದರು ಆಂಟಿ. "ನನ್ನ ಸೈಲೆನ್ಸರ್ ಇನ್ನೂ ಬಂದಿಲ್ಲ."

ಸೆಪ್ಟೆಂಬರಿನ ತುಂಬ ಅವರು ಗಾಡಿಯ ಮೈ ತಿಕ್ಕಿದರು. ಹಳೆಯ ಬಣ್ಣ, ತುಕ್ಕು, ಅದರ ಕೆಳಗಿನ ಇನ್ನೊಂದು ಬಣ್ಣ, ಅದರ ಕೆಳಗಿನ ಇನ್ನೊಂದು ತುಕ್ಕು. ಕಿಟಕಿಯಿಂದ ದಿನವೂ ನೋಡುತ್ತಿದ್ದೆ. ಬಾನೆಟ್ಟು, ಎರಡೂ ಬಾಗಿಲು, ಮುಂದಿನ ಚಕ್ರಗಳ ಮೇಲಿನ ಮಡ್‌ಗಾರ್ಡುಗಳು ಒಂದೊಂದಾಗಿ ಬೆಳ್ಳಿಯ ಹರಿವಾಣದ ಹಾಗೆ ಹೊಳೆಯತೊಡಗಿದವು. ಆಂಟಿ ಇತ್ತ ತಿರುಗಿದರೆ ಮಾತ್ರ ತಲೆ ತಗ್ಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಆಯುಧಪೂಜೆಯ ದಿನ ಮಧ್ಯಾಹ್ನ ಆಂಟಿ ಬಣ್ಣಕ್ಕೆ ಮೊದಲಿನ ಲೇಪವಾದ ಪ್ರೈಮರ್ ತರಲು ಅಂಗಡಿಗೆ ಹೋಗಿದ್ದರು. ಮಾರನೆಯ ದಿನ ಬಳಿಯುವ ಯೋಜನೆ. ತುಕ್ಕು ಹಿಡಿಯದಂತೆ ಗಾಡಿಯ ಮೈಗೆ ಸವರಿದ್ದ ಎಣ್ಣೆಯನ್ನು ಅದಕ್ಕಾಗಿ ಬೆಳಿಗ್ಗೆಯೇ ಒರೆಸಿ ತೆಗೆದಿದ್ದರು. ನಮ್ಮ ಗಾಡಿಗೆ ಪೂಜೆ ಮುಗಿಸಿದ ನನಗೆ ಏನನ್ನಿಸಿತೋ, ಹೂವು ಅರಿಶಿನ ಕುಂಕುಮದ ತಟ್ಟೆ ಹಿಡಿದು ರಸ್ತೆ ದಾಟಿದೆ. ಒಳ್ಳೆಯದಾಗಲಿ, ಗಾಡಿ ಓಡಲಿ, ನನ್ನ ತಪ್ಪು ಹೊಟ್ಟೆಗೆ ಹಾಕಿಕೋ ತಾಯಿ ಎಂದುಕೊಂಡು ಆ ಹೊಳೆಯುವ ಬಾನೆಟ್ಟಿನ ಮೇಲೆ ನೀರು ಚಿಮುಕಿಸಿ, ಒದ್ದೆ ಅರಿಶಿನದಿಂದ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟೆ. ಬಾಗಿಲುಗಳಿಗೂ ಇಟ್ಟೆ. ಅಷ್ಟಕ್ಕೇ ಬಿಡದೆ, ಎರಡೂ ಅಂಗೈ ಒತ್ತಿ ನಮಸ್ಕಾರ ಮಾಡಿದೆ. ಅವತ್ತು ಬಹಳ ದಿನಗಳ ಮೇಲೆ ಸಮಾಧಾನವಾಗಿ ಊಟ ಮಾಡಿದೆ.

ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ತಲೆಯೆತ್ತಿದರೆ, ಬಾನೆಟ್ಟಿನ ಮೇಲೆ ಕಿತ್ತಳೆ ಬಣ್ಣದ ನಕ್ಷೆ. ನಾನು ನೀರು ಚಿಮುಕಿಸಿದ ಒಂದೊಂದು ಹನಿಯೂ ಒಂದೊಂದು ತುಕ್ಕಿನ ಚುಕ್ಕೆಯಾಗಿತ್ತು. ಗೆರೆಗಳ ಸುತ್ತ ತುಕ್ಕು ಹಬ್ಬಿತ್ತು. ಎರಡು ಅಂಗೈಗಳು, ಹತ್ತು ಬೆರಳು, ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಅಚ್ಚೊತ್ತಿದ್ದವು. ಬಣ್ಣವಿಲ್ಲದ ಕಬ್ಬಿಣವನ್ನು ಬೆವರಿನ ಕೈಯಲ್ಲೂ ಮುಟ್ಟಬಾರದು ಎಂದು ನನಗೆ ಯಾರು ಹೇಳಿದ್ದರು?

ಓಡಿದೆ. ಆಂಟಿ ಬಾನೆಟ್ಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಒಂದು ತಿಂಗಳ ಕೆಲಸ. ಬೈಯಲಿಲ್ಲ. ಗ್ಯಾರೇಜಿನೊಳಗೆ ಹೋಗಿ ಒಂದು ಹಾಳೆ ತಂದು ನನ್ನ ಮುಖದ ಮುಂದೆ ಹಿಡಿದರು. ಮೂಲೆ ಮನೆಯಾಕೆಯ ಪತ್ರ. ಟೌನ್‌ಶಿಪ್ ಆಫೀಸಿನಲ್ಲಿ ಕೇಳಿ ಕಾಪಿ ತೆಗೆಸಿಕೊಂಡಿದ್ದರು.

"ಹನ್ನೊಂದು ಸಹಿ ಅವ. ಹತ್ತಂತೂ ಕೋಳಿ ಕೆದರಿಧಂಗ ಅವ. ಓದ್ಲಿಕ್ಕೆ ಬರೂದು ಒಂದ. ಎಷ್ಟು ಚಂದ ಅಕ್ಷರ ತಂಗಿ ನಿಂದು!" ಬಾನೆಟ್ಟಿನ ಕಡೆ ಬೆರಳು ತೋರಿಸಿದರು. "ಒಂದು ಕೈಲೆ ಕಂಪ್ಲೇಂಟು, ಒಂದು ಕೈಲೆ ಮಂಗಳಾರತಿ. ಎರಡೂ ನಿನ್ನ ಕೈ ಏನು?"

ನನಗೆ ಅಳು ಬಂತು. ಸಾರಿ ಆಂಟಿ, ಈಗಲೇ ಹೋಗಿ ಸಹಿ ವಾಪಸ್ ತಗೋತೀನಿ, ಆಫೀಸಿಗೇ ಹೋಗಿ ಹೇಳ್ತೀನಿ ಎಂದೆಲ್ಲ ತೊದಲಿದೆ.

"ಯಾಕ? ನೀ ಸಹಿ ವಾಪಸ್ ತಗೊಂಡ್ರ ನನ್ನ ಗಾಡಿ ಓಡತದೇನು?" ಸ್ಯಾಂಡ್‌ಪೇಪರಿನ ಹಾಳೆಯೊಂದನ್ನು ಮರದ ತುಂಡಿಗೆ ಸುತ್ತಿ ನನ್ನ ಕೈಗಿಟ್ಟರು. "ಸಾರಿ ಬ್ಯಾಡ. ಹಚ್ಚಿದಾಕಿ ನೀನು, ತಿಕ್ಕಾಕಿನೂ ನೀನ."

ಹೀಗೆ ನಾನು ಆ ಗಾಡಿಯ ಕೆಲಸಕ್ಕೆ ಸೇರಿದೆ. ಮೊದಲ ದಿನ ಭುಜ ಕಳಚಿ ಬಿದ್ದ ಹಾಗಾಯಿತು. ಎರಡನೆಯ ದಿನ ಆಂಟಿ ನನ್ನ ಕೈಗವಸು ತೆಗೆಸಿ, ಒಣ ಬಟ್ಟೆಯ ಮೇಲೆ ಅಂಗೈಯಿಟ್ಟು ಬಾಗಿಲಿನ ಉದ್ದಕ್ಕೂ ಸವರಲು ಹೇಳಿದರು. "ಕಣ್ಣು ಮುಚ್ಚು. ಹೋಳಿಗಿ ತಟ್ಟಿದ ಕೈ ಅದು. ಉಬ್ಬು ಯಾವುದು, ತಗ್ಗು ಯಾವುದು, ಕೈ ಹೇಳತದ. ಕಣ್ಣು ಸುಳ್ಳು ಹೇಳತದ." ಸವರಿದೆ. ಹಿಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಕಣಕ ತೆಳ್ಳಗಾದ ಕಡೆ ಸಿಗುವಂಥ ಒಂದು ತಗ್ಗು ನಿಜವಾಗಿಯೂ ಸಿಕ್ಕಿತು. ಕಣ್ಣು ಬಿಟ್ಟು ನೋಡಿದರೆ ಏನೂ ಕಾಣಲಿಲ್ಲ. ಇಪ್ಪತ್ತೈದು ವರ್ಷ ಅಡುಗೆಮನೆಯಲ್ಲಿ ಸವೆಸಿದ್ದ ಕೈಗೆ ಇಷ್ಟು ವಿದ್ಯೆ ಗೊತ್ತಿದೆ ಎಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ.

ನಮ್ಮವರು ಎರಡು ದಿನ ಮುಖ ಊದಿಸಿಕೊಂಡಿದ್ದರು. "ನಿನಗ್ಯಾಕೆ ಬೇಕು ಈ ಉಸಾಬರಿ? ಕೈ ನೋಡ್ಕೋ, ಮೆಕ್ಯಾನಿಕ್ ಕೈ ಆಗಿದೆ."

"ಆಗಲಿ," ಎಂದೆ. ಹೇಳಿದ ಮೇಲೆ ನಾನೇ ಬೆಚ್ಚಿದೆ.

ಬಣ್ಣ ಆರಿಸಲು ಆಂಟಿ ತಮ್ಮ ಇಳಕಲ್ ಸೀರೆಯನ್ನೇ ಪೇಂಟ್ ಅಂಗಡಿಗೆ ಒಯ್ದು, ಅದರ ಕೆಂಪು ಸೆರಗನ್ನು ಬಣ್ಣ ಅಳೆಯುವ ಯಂತ್ರದ ಕೆಳಗೆ ಹಿಡಿದರು. ಪ್ರೈಮರ್ ಒಣಗಿದ ಮೇಲೆ, ಬಿಸಿಲಿದ್ದ ನಾಲ್ಕು ದಿನ, ಸುತ್ತ ಹಳೆಯ ಬೆಡ್‌ಶೀಟುಗಳನ್ನು ಕಟ್ಟಿ, ಸ್ಪಂಜಿನ ಸಣ್ಣ ರೋಲರುಗಳಿಂದ ತೆಳ್ಳಗೆ ಬಳಿದೆವು. ಒಂದು ಪದರ, ಒಣಗಿಸು, ತಿಕ್ಕು, ಮತ್ತೊಂದು ಪದರ. ಎಂಜಿನ್ನನ್ನು ಅವರು ಮೂರು ವರ್ಷ ಹಿಡಿದು ಆಗಲೇ ಕಟ್ಟಿ ಮುಗಿಸಿದ್ದರು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ನಮ್ಮ ಕಿಟಕಿಯ ಗಾಜು ಅದುರಿತು. ಮೂಲೆ ಮನೆಯಾಕೆ ಹೊರಗೆ ಬಂದು ನಿಂತಳು. ಆಂಟಿ ಅವಳಿಗೆ ಕೈ ಬೀಸಿ, ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿದರು.

"ನೀನೂ ಕಲಿ," ಎಂದರು ನನಗೆ. ಗೇರು ಕೈಯಲ್ಲಿ ಹಾಕುವ ಗಾಡಿ, ಕ್ಲಚ್ಚು ಕಲ್ಲಿನಷ್ಟು ಗಟ್ಟಿ. ಮೈಸೂರಿನಲ್ಲಿ ಅಪ್ಪನ ಕಾರಿನಲ್ಲಿ ಕಲಿತದ್ದು ಕಾಲಿಗೆ ಅಲ್ಪಸ್ವಲ್ಪ ನೆನಪಿತ್ತು. ಡ್ರೈವ್‌ವೇಯಲ್ಲೇ ಹಿಂದೆ ಮುಂದೆ, ಹಿಂದೆ ಮುಂದೆ. "ನಾ ಯಾಕೆ ಕಲೀಬೇಕು ಆಂಟಿ, ಓಡಿಸೋರು ನೀವಲ್ವಾ?" ಎಂದರೆ ಕ್ಲಚ್ಚಿನ ಕಡೆ ಬೆರಳು ತೋರಿಸಿದರು. ಆಗಲೇ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದರು ಎಂಬುದು ನನ್ನ ಗಮನಕ್ಕೆ ಬಂದಿತ್ತು. ಕೇಳುವ ಧೈರ್ಯ ಮಾಡಿರಲಿಲ್ಲ.

ಇನ್‌ಸ್ಪೆಕ್ಟರ್ ಬರಲು ಮೂರು ದಿನವಿರುವಾಗ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಆಂಬ್ಯುಲೆನ್ಸ್ ಕರೆದವಳು ನಾನೇ. ಮರುದಿನ ಆಸ್ಪತ್ರೆಯಲ್ಲಿ, ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ್ದ ಅವರಿಗೆ ಹೇಳಿದೆ, "ನಾನು ಟೌನ್‌ಶಿಪ್ಪಿಗೆ ಫೋನ್ ಮಾಡಿ ಟೈಮ್ ಕೇಳ್ತೀನಿ ಆಂಟಿ. ಡಾಕ್ಟರ್ ಲೆಟರ್ ಕೊಟ್ರೆ ಒಂದು ತಿಂಗಳು ಖಂಡಿತ ಕೊಡ್ತಾರೆ. ಪಾಪ ಅಂತಾರೆ."

"ಪಾಪ ಅನಿಸ್ಕೊಳ್ಳೂದು ಬ್ಯಾಡ." ದನಿ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣಗಿತ್ತು. "ಗಾಡಿ ತಯಾರದ. ನನಗ ಆರಾಮಿಲ್ಲ, ಪೇಷಂಟಿಗೆ ಏನೂ ಆಗಿಲ್ಲ. ನೀ ಓಡಸು."

"ನನ್ನ ಕೈಲಾಗಲ್ಲ ಆಂಟಿ."

"ತುಕ್ಕು ಹಚ್ಚೂದು ಕೈಲಾತು, ಓಡಸೂದು ಕೈಲಾಗೂದಿಲ್ಲ?" ನಕ್ಕರು. ಪಕ್ಕದ ಯಂತ್ರ ಬೀಪ್ ಎಂದಿತು. ನರ್ಸು ಬಂದು ನನ್ನನ್ನು ಹೊರಗೆ ಕಳಿಸಿದಳು.

ತಪಾಸಣೆಯ ಬೆಳಿಗ್ಗೆ ಥಂಡಿಯಿತ್ತು. ಇನ್‌ಸ್ಪೆಕ್ಟರ್ ಎಳೆ ಮೀಸೆಯ, ಮರ್ಯಾದಸ್ಥ ಮನುಷ್ಯ. ಪ್ಲೇಟ್ ನೋಡಿದರು, ಕಾಗದ ನೋಡಿದರು, ಯಾರು ಓಡಿಸುವವರು ಎಂದು ಅತ್ತಿತ್ತ ನೋಡಿದರು. ಬೀದಿಯವರು ತಮ್ಮ ತಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ನಮ್ಮವರು ರಜೆ ಹಾಕಿದ್ದರು. ನನಗೆ ಬೆಂಬಲವಾಗಿ ಎಂದುಕೊಂಡೆ. ಅವರು ಮಾಡಿದ ಮೊದಲ ಕೆಲಸ ರಸ್ತೆಯ ಪಕ್ಕದಲ್ಲಿದ್ದ ನಮ್ಮ ಕಾರನ್ನು ತೆಗೆದು ದೂರ ನಿಲ್ಲಿಸಿದ್ದು.

"ನಾನು," ಎಂದೆ ಇನ್‌ಸ್ಪೆಕ್ಟರಿಗೆ.

ಮೊದಲ ಸಲ ಗಾಡಿ ಎಗರಿ ನಿಂತುಬಿಟ್ಟಿತು. ಯಾರೋ ನಕ್ಕರು. ಎರಡನೆಯ ಸಲವೂ ನಿಂತಿತು. ಬಾಯಿಗೆ ಬಂದ ಸಾರಿಯನ್ನು ನುಂಗಿಕೊಂಡೆ. ಇಡೀ ಮೈಯ ಭಾರವನ್ನು ಎಡಗಾಲಿಗೆ ಹಾಕಿ ಕ್ಲಚ್ ಒತ್ತಿ, ಕಿವಿಯಿಂದ ಎಂಜಿನ್ನನ್ನು ಕೇಳುತ್ತಾ, ನಿಧಾನವಾಗಿ ಬಿಟ್ಟೆ. ಹೊರಟಿತು. ಬೀದಿಯ ಕೊನೆ, ಬಲಕ್ಕೆ, ಪಾರ್ಕಿನ ಪಕ್ಕ, ಮತ್ತೆ ಬಲಕ್ಕೆ. ಒಂದು ಸುತ್ತು ಸಾಕು ಎಂದಿದ್ದರು. ನಾನು ಎರಡು ಸುತ್ತು ಹಾಕಿದೆ. ಎರಡನೆಯದು ಯಾರ ಅಪ್ಪಣೆಯೂ ಇಲ್ಲದೆ.

ಇನ್‌ಸ್ಪೆಕ್ಟರ್ ಸಹಿ ಮಾಡಿ ಕಾಗದ ಕೊಟ್ಟರು. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಆಂಟಿ ಎಲ್ಲ ಕೇಳಿಸಿಕೊಂಡು, "ಎರಡನೇ ಗೇರಿಗೆ ಕಿರಕ್ ಅಂತೇನು?" ಎಂದರು. ಅಂತು ಎಂದೆ. "ಅದನ್ನ ನೋಡಬೇಕು," ಎಂದು ಫೋನಿಟ್ಟರು.

ಅವರು ಮನೆಗೆ ಬಂದು, ಡಾಕ್ಟರು ಒಪ್ಪಿದ ಮೇಲೆ, ಆ ಚಳಿಗಾಲ ಪೂರ್ತಿ ಆ ಗಾಡಿಯನ್ನು ಓಡಿಸಿದರು. ಹಾಲಿಗೆ, ಔಷಧಿಗೆ, ಗ್ರಂಥಾಲಯಕ್ಕೆ, ಒಮ್ಮೆ ನನ್ನನ್ನೂ ಕೂರಿಸಿಕೊಂಡು ಸೇತುವೆ ದಾಟಿ ನಮ್ಮ ದೇಶದವರ ಅಂಗಡಿಗಳಿರುವ ಫ್ಲೋರಲ್ ಪಾರ್ಕಿನವರೆಗೆ, ಬರೀ ಸೌತೆಕಾಯಿ ಬೀಜಕ್ಕೆ. ಇಂಥ ಗಾಡಿಗಳನ್ನು ಸಾಕುವವರು ಹಿಮ ಬೀಳುವ ಮೊದಲೇ ಹೊದಿಸಿ ಒಳಗಿಡುತ್ತಾರಂತೆ. ರಸ್ತೆಗೆ ಚೆಲ್ಲುವ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ನನಗೂ ಅಷ್ಟು ತಿಳಿವಳಿಕೆ ಬಂದಿತ್ತು.

"ಆಂಟಿ, ಉಪ್ಪು! ಅಷ್ಟು ತಿಕ್ಕಿದ್ದೆಲ್ಲ ಹಾಳಾಗುತ್ತೆ!"

"ಹಾಳಾಗ್ಲಿ ಬಿಡು. ತಿಕ್ಕೂದು ಇಬ್ಬರಿಗೂ ಗೊತ್ತದ ಈಗ."

ಎರಡು ಚಳಿಗಾಲ ಹಾಗೆ ಓಡಿಸಿದರು. ಎರಡನೆಯದು ಮುಗಿದು, ಬೀದಿಯ ಚೆರ್ರಿ ಮರಗಳು ಇನ್ನೂ ಮೊಗ್ಗಾಗಿದ್ದಾಗ ತೀರಿಕೊಂಡರು. ಹಿಂದಿನ ದಿನ ಎಣ್ಣೆ ಬದಲಿಸಿದ್ದರು. ಕೈ ತೊಳೆಯುವಾಗ ನಾನೇ ಸೋಪು ಹಾಕಿಕೊಟ್ಟಿದ್ದೆ. ಅಂತ್ಯಸಂಸ್ಕಾರಕ್ಕೆ ಒಯ್ಯುವ ಮೊದಲು ಅಲಂಕರಿಸಲು ನಿಂತ ಹೆಂಗಸರು ಉಗುರಿನ ಕಪ್ಪು ತೆಗೆಯಲು ನೋಡಿದರು. ಇರಲಿ, ಅದನ್ನು ತೆಗೆಯಬೇಡಿ ಎಂದೆ. ಬಳೆಗಳನ್ನೂ ಮುಟ್ಟಗೊಡಲಿಲ್ಲ.

ಗಾಡಿ ಅವರ ತಮ್ಮನ ಮಗನ ಪಾಲಿಗೆ ಬಂತು. ನಲವತ್ತು ದಾಟಿದವರು, ಮೇರಿಲ್ಯಾಂಡಿನಲ್ಲಿ ಡಾಕ್ಟರು, ಅಲ್ಲಿಯೇ ಹುಟ್ಟಿ ಬೆಳೆದವರು. ಒಂದು ಶನಿವಾರ ಟ್ರೇಲರ್ ಎಳೆಯುವ ಟ್ರಕ್ಕನ್ನು ಗೊತ್ತು ಮಾಡಿಕೊಂಡು ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲಿನ ಕೆಳಗೆ ಮಂಡಿಯೂರಿ ನೋಡಿ, ಲೊಚಗುಟ್ಟಿದರು. ಅಂಚಿನುದ್ದಕ್ಕೂ ಬಣ್ಣ ಗುಳ್ಳೆಯೆದ್ದು ತುಕ್ಕು ಇಣುಕುತ್ತಿತ್ತು. ಅಯ್ಯೋ, ಚಳಿಗಾಲದಲ್ಲಿ ಹೊದಿಸಿ ಇಟ್ಟಿದ್ದರೆ ಹೊಸದರ ಹಾಗೆ ಇರುತ್ತಿತ್ತು, ಅತ್ತೆಗೆ ಯಾರೂ ಹೇಳಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅದು ನಿಂತು ಹಿಡಿದ ತುಕ್ಕಲ್ಲ," ಎಂದೆ ಕನ್ನಡದಲ್ಲಿ. "ಓಡಿ ಹಿಡಿದದ್ದು."

ಅವರಿಗೆ ಅರ್ಧ ಅರ್ಥವಾಯಿತು. ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಇನ್ನೊಮ್ಮೆ ಹೇಳಿದೆ. ಟ್ರಕ್ಕಿನವನು ಸರಪಳಿ ಬಿಚ್ಚಿಕೊಂಡು ಮುಂದೆ ಬಂದ. ಈ ಗಾಡಿಯನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ ಎಂದೆ. ಅವನು ಡಾಕ್ಟರರ ಮುಖ ನೋಡಿದ. ಡಾಕ್ಟರು ನನ್ನ ಮುಖ ನೋಡಿದರು. ಗೇರಿನ ಗಾಡಿ ಓಡಿಸಿ ಅಭ್ಯಾಸವಿಲ್ಲ ಎಂದರು. ನನಗೂ ಇರಲಿಲ್ಲ ಎಂದೆ. ದಾರಿ ನಾಲ್ಕು ಗಂಟೆಯದು ಎಂದರು. ಎರಡನೇ ಗೇರು ಹಾಕುವಾಗ ಮಾತ್ರ ಸ್ವಲ್ಪ ನಿಧಾನ ಎಂದೆ.

ಕೀ ನನ್ನ ಮುಷ್ಟಿಯಲ್ಲಿತ್ತು. ನಾನು ಜಾಗ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದವರೆಗೆ ಡ್ರೈವ್‌ವೇಯಲ್ಲಿ ಅವರಿಗೆ ಹಿಂದೆ ಮುಂದೆ ಓಡಿಸಲು ಕಲಿಸಿದೆ. ಆಮೇಲೆ ಕೆಂಪು ಗಾಡಿ ಬೀದಿಯ ಕೊನೆಯಲ್ಲಿ ಒಮ್ಮೆ ನಿಂತು, ಎಗರಿ, ಮತ್ತೆ ಗುಡುಗಿ, ಬಲಕ್ಕೆ ಹೊರಳಿ ಹೋಯಿತು. ಅದರ ಹಿಂದೆಯೇ ಟ್ರೇಲರೂ ಹೋಯಿತು, ಖಾಲಿಯಾಗಿ.